ಸಂಕದಾಚೆಯ ಮನೆ ಮತ್ತು ಸಭೆಯ ನಡಾವಳಿ

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 72ನೆಯ ಪ್ರಕರಣ ಒಂದೇ ಒಂದು ವಾಕ್ಯದ್ದು. ರಾಜ್ಯ ಸರ್ಕಾರವು ಜಿಲ್ಲಾ ಮಟ್ಟದಲ್ಲಿ ವಿಕಲಚೇತನರಿಗೆ ಸಂಬಂಧಿಸಿದ ಸಮಿತಿಯನ್ನು ರಚಿಸತಕ್ಕದ್ದು, ಆ ಸಮಿತಿಯ ಕೆಲಸಗಳನ್ನು ನಿಯಮಗಳ ಮೂಲಕ ತಾನೇ ಗೊತ್ತುಪಡಿಸತಕ್ಕದ್ದು ಎಂಬುದಷ್ಟೇ ಅದರ ಸಾರ. ರಾಜ್ಯ ಸಲಹಾ ಮಂಡಳಿಯ ವಿಷಯಕ್ಕೆ ಬಂದಾಗ ಅದೇ ಕಾಯ್ದೆ ವಿವರವಾಗಿ ಮಾತನಾಡುತ್ತದೆ. ಮಂಡಳಿಯಲ್ಲಿ ಯಾವ ಯಾವ ಇಲಾಖೆಯವರಿರಬೇಕು, ಸರದಿಯಂತೆ ಜಿಲ್ಲೆಗಳನ್ನು ಪ್ರತಿನಿಧಿಸುವವರು ಎಷ್ಟು ಮಂದಿ, ನಾಮನಿರ್ದೇಶನಗೊಂಡ ವಿಕಲಚೇತನರಲ್ಲಿ ಮಹಿಳೆಯರು ಎಷ್ಟು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಎಷ್ಟು, ಆರು ತಿಂಗಳಿಗೊಮ್ಮೆಯಾದರೂ ಸಭೆ ಸೇರಲೇಬೇಕು ಎಂಬುದೆಲ್ಲ ಅಲ್ಲಿ ಬರೆದಿದೆ. ಜಿಲ್ಲಾ ಸಮಿತಿಗೆ ಮೂಲ ಕಾಯ್ದೆಯಲ್ಲಿ ಆ ವಿಸ್ತಾರವಿಲ್ಲ. ಆದರೂ ಆಗುಂಬೆಯಲ್ಲೋ ಹೊಸನಗರದ ಒಳಹಳ್ಳಿಯಲ್ಲೋ ಇರುವ ಒಬ್ಬ ವಿಕಲಚೇತನರ ಬದುಕಿಗೆ ಬೆಂಗಳೂರಿನ ಮಂಡಳಿಗಿಂತ ಶಿವಮೊಗ್ಗದ ಸಮಿತಿಯೇ ಹತ್ತಿರದ್ದು. ಹತ್ತಿರ ಎಂದರೂ ಆಗುಂಬೆಯಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 90 ಕಿಲೋಮೀಟರ್ ದಾರಿ.

ಇಂಥ ಸಮಿತಿಗಳು ಸಲಹೆ ನೀಡುವ ಸಮಿತಿಗಳು. ಜಿಲ್ಲಾಡಳಿತಕ್ಕೆ ಸಲಹೆ ಕೊಡುವುದು, ಕಾಯ್ದೆ ಜಾರಿಯಾಗುತ್ತಿದೆಯೇ ಎಂದು ನೋಡುವುದು, ಯೋಜನೆಗಳು ತಲುಪುವಂತೆ ನೆರವಾಗುವುದು, ಜಾರಿಯಾಗದಿದ್ದಾಗ ಬರುವ ದೂರುಗಳನ್ನು ಪರಿಶೀಲಿಸುವುದು ಇವುಗಳ ಕೆಲಸ. ಹಣ ಮಂಜೂರು ಮಾಡುವ ಅಧಿಕಾರವಾಗಲಿ, ತಪ್ಪಿತಸ್ಥರಿಗೆ ದಂಡ ಹಾಕುವ ಅಧಿಕಾರವಾಗಲಿ ಇವುಗಳಿಗಿಲ್ಲ. ಹಾಗಾಗಿ ಬರೀ ಸಲಹೆಯಿಂದ ಏನಾದೀತು ಎಂದು ನಮ್ಮ ಕಡೆಯ ಅನೇಕರು ಕೇಳುತ್ತಾರೆ, ಅದೇ ಕಾರಣಕ್ಕೆ ಸಭೆಗಳಿಂದ ದೂರವೂ ಉಳಿಯುತ್ತಾರೆ. ಊರಿನ ವಿಶೇಷ ಗ್ರಾಮಸಭೆಗಳಲ್ಲಿ ಹಲವು ವರ್ಷಗಳಿಂದ ಕುಳಿತು ನೋಡಿದ ಮೇಲೆ ನನ್ನ ಅಭಿಪ್ರಾಯ ಬೇರೆಯಾಗಿದೆ. ಸಲಹೆಗೆ ಬಲ ಬರುವುದು ಎರಡು ಕಡೆಯಿಂದ. ಒಂದು, ಆ ಸಲಹೆಯನ್ನು ದಾರಿ ನಡೆದು ಗೊತ್ತಿರುವವರೇ ಕೊಡಬೇಕು. ಇನ್ನೊಂದು, ಅದು ನಡಾವಳಿಯಲ್ಲಿ ಹೊಣೆಗಾರರ ಹುದ್ದೆ ಮತ್ತು ಗಡುವಿನ ಸಮೇತ ದಾಖಲಾಗಿ, ಮುಂದಿನ ಸಭೆ ಆ ಸಾಲಿನ ಅನುಪಾಲನಾ ವರದಿಯಿಂದಲೇ ಆರಂಭವಾಗಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಸಭೆಯು ಚಹಾ, ಬಿಸ್ಕತ್ತು ಮತ್ತು ವಂದನಾರ್ಪಣೆಯಲ್ಲಿ ಮುಗಿದುಹೋಗುತ್ತದೆ.

ದಾರಿ ಎಂದೆ. ಮಲೆನಾಡಿನಲ್ಲಿ ಈ ಮಾತಿಗೆ ಅಕ್ಷರಶಃ ಅರ್ಥವಿದೆ. ಬಯಲುಸೀಮೆಯ ಊರುಗಳಂತೆ ಇಲ್ಲಿ ಮನೆಗಳು ಒತ್ತಾಗಿಲ್ಲ. ಒಂದು ಮನೆ ಗುಡ್ಡದ ಈ ಬದಿಗಿದ್ದರೆ ಇನ್ನೊಂದು ತೋಟದಾಚೆ, ಮತ್ತೊಂದು ಹಳ್ಳದಾಚೆ. ಹಳ್ಳಕ್ಕೆ ಅಡ್ಡಲಾಗಿ ಎರಡು ಅಡಿಕೆ ಮರವನ್ನೋ ಕಾಡುಮರದ ದಿಮ್ಮಿಯನ್ನೋ ಹಾಕಿ ಕಟ್ಟಿದ ಕಾಲುಸಂಕವೇ ಎಷ್ಟೋ ಮನೆಗಳಿಗೆ ಇಂದಿಗೂ ಹೊರಜಗತ್ತಿನ ಬಾಗಿಲು. ಜೂನ್ ತಿಂಗಳಿಂದ ಮಳೆ ಹಿಡಿಯಿತೆಂದರೆ ಆ ಸಂಕದ ಮೇಲೆ ಪಾಚಿ ಕಟ್ಟಿ, ಕೆಳಗೆ ಕೆಂಪು ನೀರು ಏರಿ, ಗಟ್ಟಿಮುಟ್ಟಾದವರೂ ಕೈಹಿಡಿಯ ಬಿದಿರನ್ನು ಬಿಡದೆ ದಾಟುತ್ತಾರೆ. ಊರುಗೋಲು ಹಿಡಿದವರು, ದೃಷ್ಟಿ ಇಲ್ಲದವರು, ಗಾಲಿಕುರ್ಚಿಯವರು ಸೆಪ್ಟೆಂಬರ್ ಕಳೆಯುವ ತನಕ ಮನೆಯಲ್ಲೇ ಉಳಿಯುತ್ತಾರೆ. ಔಷಧಿ ತರುವವರು ಬೇರೆ, ಪಿಂಚಣಿ ತರುವವರು ಬೇರೆ, ಅವರ ಪರವಾಗಿ ಮಾತನಾಡುವವರೂ ಬೇರೆ ಎಂಬ ಪರಿಸ್ಥಿತಿ ಆ ನಾಲ್ಕು ತಿಂಗಳದ್ದು.

ನಮ್ಮ ಪಂಚಾಯಿತಿಯ ವಿಕಲಚೇತನರ ವಿಶೇಷ ಗ್ರಾಮಸಭೆಯೊಂದರಲ್ಲಿ ಈ ವಿಷಯ ಎದ್ದ ರೀತಿಯನ್ನು ಹೇಳಬೇಕು. ಆ ಸಲ ಸಭೆಯನ್ನು ಮೆಟ್ಟಿಲಿಲ್ಲದ ಶಾಲಾ ಜಗಲಿಯಲ್ಲಿ ಇಟ್ಟಿದ್ದರು. ಅದೇ ಒಂದು ಒಳ್ಳೆಯ ನಿರ್ಧಾರವಾಗಿತ್ತು, ಏಕೆಂದರೆ ಅದಕ್ಕೆ ಮೊದಲು ಸಭೆಗಳು ಮಹಡಿಯ ಮೇಲಿನ ಸಭಾಂಗಣದಲ್ಲಿ ನಡೆಯುತ್ತಿದ್ದವು. ಅಭಿವೃದ್ಧಿ ಅಧಿಕಾರಿಗಳು ವರ್ಷದ ಸೌಲಭ್ಯಗಳನ್ನು ಓದುತ್ತಾ, ಪಕ್ಕಗಾಲಿಯ ಸ್ಕೂಟರ್ ಮಂಜೂರಾದ ಯುವಕನ ಹೆಸರು ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಹುಡುಗನ ತಾಯಿ ಎದ್ದು ನಿಂತು, “ಸಾರ್, ಗಾಡಿ ಕೊಟ್ರಿ, ಸಂತೋಷ. ಮಳೆಗಾಲದಲ್ಲಿ ಸಂಕ ದಾಟಿ ಅದನ್ನ ಮನೆಗೆ ತರದು ಹೆಂಗೆ? ರಸ್ತೆ ಬದಿ ಅಂಗಡಿ ಹತ್ರ ನಿಲ್ಸಿದ್ರೆ, ಅಲ್ಲೀವರೆಗೆ ಇವನನ್ನ ಹೊತ್ಕೊಂಡ್ ಬರೋರು ಯಾರು?” ಎಂದರು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಗ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ, ಸ್ವತಃ ಪೋಲಿಯೊದಿಂದ ಒಂದು ಕಾಲಿನ ಬಲ ಕಳೆದುಕೊಂಡವರು, ತಮ್ಮ ಪುಸ್ತಕ ತೆರೆದು, “ಇಂಥ ಮನೆಗಳು ನಮ್ಮ ಪಂಚಾಯಿತಿಯಲ್ಲಿ ಇನ್ನೂ ಇದಾವೆ ಸಾರ್, ಪಟ್ಟಿ ಇದೆ, ಓದ್ಲಾ?” ಎಂದು ಕೇಳಿದರು. ಓದಿದರು. ಪ್ರತಿ ಮನೆಯ ಮುಂದೆ ಹಳ್ಳದ ಹೆಸರು, ಸಂಕದ ಅಂದಾಜು ಉದ್ದ, ಮನೆಯಲ್ಲಿರುವವರ ಅಂಗವೈಕಲ್ಯದ ಬಗೆ ಬರೆದಿತ್ತು. ಆ ಪಟ್ಟಿಯನ್ನು ಹಾಗೆಯೇ ನಡಾವಳಿಗೆ ಲಗತ್ತಿಸಬೇಕೆಂದು ಸಭೆ ಒಕ್ಕೊರಲಿನಿಂದ ಹೇಳಿತು, ಲಗತ್ತಿಸಲಾಯಿತು.

ಆ ಕಾರ್ಯಕರ್ತೆಯಂಥವರನ್ನು ಊರಿನಲ್ಲಿ ಎಲ್ಲರೂ ವಿ.ಆರ್.ಡಬ್ಲ್ಯೂ ಎಂದೇ ಕರೆಯುವುದು. ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬರು, ತಾಲ್ಲೂಕಿಗೆ ಒಬ್ಬ ಎಂ.ಆರ್.ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ಪಟ್ಟಣಗಳಲ್ಲಿ ಯು.ಆರ್.ಡಬ್ಲ್ಯೂ, ಅಂದರೆ ನಗರ ಪುನರ್ವಸತಿ ಕಾರ್ಯಕರ್ತ. ಇವರು ವಿಕಲಚೇತನರಾಗಿದ್ದು, ಗೌರವಧನದ ಮೇಲೆ ದುಡಿಯುವವರು. ಯಾವುದೇ ಸಮಿತಿಗೆ ಬೇಕಾದ ಮೊದಲ ವಸ್ತು ಮಾಹಿತಿ, ಆ ಮಾಹಿತಿ ಹುಟ್ಟುವುದು ಇವರ ನೋಟ್‌ಪುಸ್ತಕದಲ್ಲಿ. 2011ರ ಜನಗಣತಿ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರನ್ನು ಗುರುತಿಸಿತು. ಆಗ ಜಾರಿಯಲ್ಲಿದ್ದ 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನಷ್ಟೇ ಒಪ್ಪಿಕೊಂಡಿತ್ತು, 2016ರ ಕಾಯ್ದೆ 21 ಬಗೆಗಳನ್ನು ಪಟ್ಟಿಮಾಡಿದೆ. ಹೀಗಾಗಿ ಹೊಸದಾಗಿ ಸೇರಿದವರ ಲೆಕ್ಕ ಹಳೆಯ ಅಂಕಿಅಂಶದಲ್ಲಿ ಸರಿಯಾಗಿ ಸಿಗುವುದಿಲ್ಲ. ಮನೆಮನೆಗೆ ಹೋಗಿ ಬರೆದುಕೊಂಡು ಬಂದವರ ಪಟ್ಟಿಯೇ ಸದ್ಯಕ್ಕೆ ಆಧಾರ. ಜಿಲ್ಲಾ ಸಮಿತಿಯ ಸಭೆಗಳಿಗೆ ಇವರಲ್ಲಿ ಕೆಲವರನ್ನಾದರೂ ಸರದಿಯಂತೆ ಕರೆಯಬೇಕು, ಬಂದವರಿಗೆ ಪ್ರಯಾಣ ಭತ್ಯೆ ಕೊಡಬೇಕು ಎಂಬುದು ನನ್ನ ಬಲವಾದ ಒತ್ತಾಯ.

ಕಾಲುಸಂಕದ ವಿಷಯಕ್ಕೆ ಹಣ ಎಲ್ಲಿಂದ ಎಂಬ ಪ್ರಶ್ನೆಗೂ ಉತ್ತರವಿದೆ, ಪೂರ್ತಿಯಲ್ಲದಿದ್ದರೂ. ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟನ್ನು ವಿಕಲಚೇತನರ ಕಲ್ಯಾಣಕ್ಕೆ ಮೀಸಲಿಡಬೇಕು. ನಗರ ಸ್ಥಳೀಯ ಸಂಸ್ಥೆಗಳಲ್ಲಿಯೂ ಇಂಥದೇ ಶೇ 5ರ ನಿಧಿ ಇದೆ. ಶಿವಮೊಗ್ಗ ಮಹಾನಗರ ಪಾಲಿಕೆಗೆ ಶೇ 5 ಎಂದರೆ ಗಣನೀಯ ಮೊತ್ತ. ಕಾಡಂಚಿನ, ತೆರಿಗೆ ಹುಟ್ಟುವಳಿಯೇ ಕಡಿಮೆ ಇರುವ ಪಂಚಾಯಿತಿಗೆ ಶೇ 5 ಎಂದರೆ ಕೆಲವರಿಗೆ ವೈದ್ಯಕೀಯ ನೆರವು ಕೊಟ್ಟರೆ ಮುಗಿಯುವಷ್ಟು ಹಣ, ಅದರಲ್ಲಿ ಸಂಕ ಕಟ್ಟಲಾಗದು. ಇಲ್ಲಿಯೇ ಮೇಲಿನ ಸಮಿತಿಯ ಸಲಹೆ ಬೇಕಾಗುವುದು. ಸಂಕಕ್ಕೆ ಹಣವಿರುವುದು ಬೇರೆ ಲೆಕ್ಕಶೀರ್ಷಿಕೆಗಳಲ್ಲಿ, ಬೇರೆ ಇಲಾಖೆಗಳಲ್ಲಿ. ವಿಕಲಚೇತನರಿರುವ ಮನೆಗಳ ಸಂಕಗಳಿಗೆ ಮೊದಲ ಆದ್ಯತೆ ಕೊಡಿ ಎಂದು ಜಿಲ್ಲಾ ಸಮಿತಿ ಆ ಇಲಾಖೆಗಳಿಗೆ ಸೂಚಿಸಬಹುದು. ಆ ಸೂಚನೆಗೆ ಹೊಸ ಹಣ ಬೇಡ, ಇರುವ ಕೆಲಸಗಳ ಕ್ರಮವನ್ನು ಬದಲಿಸಿದರೆ ಸಾಕು. ಶೇ 5ರ ಹಣವನ್ನು ವರ್ಷದ ಕೊನೆಯಲ್ಲಿ, ಮಾರ್ಚ್ ತಿಂಗಳ ಗಡಿಬಿಡಿಯಲ್ಲಿ, ಎಲ್ಲರಿಗೂ ಒಂದೇ ಬಗೆಯ ವಸ್ತು ಕೊಂಡು ಹಂಚುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಕಿವಿ ಕೇಳದವರ ಮನೆಗೂ, ಕಾಲಿಲ್ಲದವರ ಮನೆಗೂ, ಬುದ್ಧಿಮಾಂದ್ಯ ಮಗುವಿರುವ ಮನೆಗೂ ಒಂದೇ ನೀರಿನ ಟ್ಯಾಂಕು ಹೋಗುವುದಾದರೆ ಅಲ್ಲಿ ಯಾರ ಸಲಹೆಯನ್ನೂ ಕೇಳಿಲ್ಲವೆಂದೇ ಅರ್ಥ.

ಬಸ್ಸಿನ ಪಾಸಿನ ಕಥೆಯೂ ಇದೇ ಜಾತಿಯದು. ಸಾರಿಗೆ ನಿಗಮವು ವಿಕಲಚೇತನರಿಗೆ ವಾಸಸ್ಥಳದಿಂದ 100 ಕಿಲೋಮೀಟರ್ ವ್ಯಾಪ್ತಿಯಲ್ಲಿ ರಿಯಾಯಿತಿ ಪಾಸ್ ನೀಡುತ್ತದೆ. ಬೇರೆ ಜಿಲ್ಲೆಗಳಲ್ಲಿ ಅದು ದೊಡ್ಡ ಅನುಕೂಲ. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಒಳದಾರಿಗಳಲ್ಲಿ ಲಾಗಾಯ್ತಿನಿಂದ ಓಡಾಡುತ್ತಿರುವುದು ಹೆಚ್ಚಾಗಿ ಖಾಸಗಿ ಬಸ್ಸುಗಳೇ, ಅವುಗಳಲ್ಲಿ ಆ ಪಾಸ್ ನಡೆಯುವುದಿಲ್ಲ. ಕೆಲವು ಕಂಡಕ್ಟರುಗಳು ಗುರುತಿನ ಮೇಲೆ ಅರ್ಧ ದುಡ್ಡು ಪಡೆಯುತ್ತಾರೆ, ಇನ್ನು ಕೆಲವರು ಪಡೆಯದೆಯೂ ಇರುತ್ತಾರೆ. ಅದು ಅವರ ಸೌಜನ್ಯ, ಹಕ್ಕಲ್ಲ. ರಾಜಧಾನಿಯಲ್ಲಿ ಕುಳಿತು ಯೋಜನೆ ರೂಪಿಸುವವರಿಗೆ ಈ ಸಂಗತಿ ಕಾಣುವುದು ಕಷ್ಟ. ಜಿಲ್ಲಾ ಸಮಿತಿಯಲ್ಲಿ ಹೊಸನಗರ ತಾಲ್ಲೂಕಿನ ಒಬ್ಬ ಅಂಧ ಸದಸ್ಯರಿದ್ದರೆ ಅವರು ಮೊದಲ ಸಭೆಯಲ್ಲಿಯೇ ಹೇಳುವ ಮಾತು ಇದು. ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗದವರ ಪಾಡನ್ನೂ ಇಲ್ಲಿ ನೆನೆಯಬೇಕು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯುವವರೆಗೂ ಅಲ್ಲಿಯವರು ಸಾಗರಕ್ಕೆ ಬರಬೇಕಾದರೆ ಲಾಂಚ್ ಹತ್ತಬೇಕಿತ್ತು. ಪ್ರಮಾಣಪತ್ರಕ್ಕೆಂದು ಗಾಲಿಕುರ್ಚಿಯವರನ್ನು ಲಾಂಚಿಗೆ ಹತ್ತಿಸಿ ಇಳಿಸಿ ಕರೆತರುತ್ತಿದ್ದ ಮನೆಯವರಿಗೆ ಆ ಸೇತುವೆ ಕೊಟ್ಟ ಬಿಡುಗಡೆ ಸಣ್ಣದಲ್ಲ.

ಸ್ಥಳೀಯ ಸಮಿತಿಗೆ ಮಾತ್ರ ಕಾಣಬಲ್ಲ ಅಂಗವೈಕಲ್ಯದ ಕಾರಣಗಳೂ ಇಲ್ಲಿವೆ. ಮೊದಲನೆಯದು ಅಡಿಕೆ ಮರ. ಕೊಳೆರೋಗಕ್ಕೆ ಔಷಧಿ ಹೊಡೆಯಲು ಮಳೆಗಾಲದಲ್ಲಿ, ಕೊನೆ, ಅಂದರೆ ಅಡಿಕೆ ಗೊನೆ, ತೆಗೆಯಲು ಮಳೆ ಮುಗಿದ ಮೇಲೆ, ಕೊನೆಗಾರರು ನುಣುಪಾದ ಮರ ಹತ್ತಿ, ಮರದಿಂದ ಮರಕ್ಕೆ ಬಾಗಿ ಹಿಡಿದು ದಾಟುತ್ತಾರೆ. ಬಿದ್ದವರಲ್ಲಿ ಬದುಕುಳಿದವರಿಗೆ ಅನೇಕ ವೇಳೆ ಬೆನ್ನುಹುರಿಯ ಪೆಟ್ಟು. ನಮ್ಮ ಚಿಕ್ಕಪ್ಪ ಹಾಗೆ ಬಿದ್ದವರು. ಸೊಂಟದ ಕೆಳಗೆ ಸ್ವಾಧೀನವಿಲ್ಲದ ಅವರಿಗೆ ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದನ್ನು, ಕ್ಯಾತಿಟರ್ ಸ್ವಚ್ಛವಾಗಿಡುವುದನ್ನು ಚಿಕ್ಕಮ್ಮ ಆಸ್ಪತ್ರೆಯ ನರ್ಸೊಬ್ಬರಿಂದ ನಿಂತ ನಿಲುವಿನಲ್ಲೇ ಕಲಿತುಕೊಂಡರು. ಮನೆಗೆ ಬಂದ ಮೇಲೆ ಅದನ್ನು ನೋಡಿ ತಿದ್ದಿ ಹೇಳುವವರು ಯಾರೂ ಇರಲಿಲ್ಲ. ಈಗ ನೆಲದ ಮೇಲೆಯೇ ನಿಂತು ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ, ಮರ ಹತ್ತುವುದು ಅಷ್ಟರಮಟ್ಟಿಗೆ ತಗ್ಗಿದೆ. ಆದರೂ ತೋಟಗಾರಿಕೆ, ಕಾರ್ಮಿಕ, ಆರೋಗ್ಯ ಇಲಾಖೆಗಳು ಒಂದೇ ಮೇಜಿನ ಸುತ್ತ ಕೂತು ಈ ಅಪಘಾತಗಳ ಬಗ್ಗೆ, ಬಿದ್ದವರ ಮನೆ ಆರೈಕೆಯ ಬಗ್ಗೆ ಮಾತನಾಡುವ ವೇದಿಕೆ ಜಿಲ್ಲಾ ಸಮಿತಿಯಲ್ಲದೆ ಬೇರೆ ಯಾವುದಿದೆ?

ಎರಡನೆಯದು ಹಂದಿಗೋಡು ಕಾಯಿಲೆ. ಸಾಗರದ ಹತ್ತಿರದ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಗಮನಕ್ಕೆ ಬಂದ ಈ ಕಾಯಿಲೆಯು ಸೊಂಟ ಮತ್ತು ಮೊಣಕಾಲಿನ ಕೀಲುಗಳನ್ನು ಹಿಡಿದು, ನಡಿಗೆಯನ್ನು ಕಸಿದುಕೊಂಡು, ಕೆಲವರಲ್ಲಿ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ಗದ್ದೆಯ ಏಡಿ, ಮೀನಿನಲ್ಲಿ ಸೇರಿದ ಕೀಟನಾಶಕವೇ ಕಾರಣವಿರಬಹುದೆಂಬ ಅನುಮಾನ ಮೊದಲಿಗೆ ಇತ್ತು. ಇದು ವಂಶಪಾರಂಪರ್ಯವಾಗಿ ಬರುವ ಮೂಳೆ-ಕೀಲುಗಳ ಕಾಯಿಲೆ ಎಂಬುದು ಮುಂದಿನ ಸಂಶೋಧನೆಗಳಿಂದ ತಿಳಿಯಿತು. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಪರಿಶಿಷ್ಟ ಜಾತಿಯ ಕೃಷಿ ಕೂಲಿ ಕುಟುಂಬಗಳಲ್ಲಿ ಇದು ಕಾಣಿಸಿಕೊಂಡಿದೆ. ಕಾಯ್ದೆಯ 21 ಬಗೆಗಳಲ್ಲಿ ಇದರ ಹೆಸರಿಲ್ಲ, ಚಲನವೈಕಲ್ಯ ಅಥವಾ ಕುಬ್ಜತೆ ಎಂಬ ತಲೆಬರಹದಡಿ ಇವರು ಬರಬೇಕು. ಸೌಲಭ್ಯಕ್ಕೆ ಬೇಕಾದ ಶೇ 40ರ ಅಂಗವೈಕಲ್ಯದ ಮಟ್ಟವನ್ನು ಮುಟ್ಟುವ ಮೊದಲಿನ ವರ್ಷಗಳಲ್ಲಿಯೇ ನೋವಿನಿಂದ ಕೂಲಿಗೆ ಹೋಗಲಾಗದ ಸ್ಥಿತಿ ಬಂದುಬಿಡಬಹುದು. ಗದ್ದೆಗಿಳಿದು ನಾಟಿ ಮಾಡಲಾಗದವರಿಗೆ ಅಂಗೈಯಷ್ಟು ಜಾಗದಲ್ಲಿ ಕುಳಿತು ಮಾಡುವ ಉದ್ಯೋಗ, ಊರಿಗೇ ಬರುವ ತಪಾಸಣಾ ಶಿಬಿರ, ಮದುವೆಯ ವಯಸ್ಸಿನವರಿಗೆ ಆನುವಂಶಿಕತೆಯ ಬಗ್ಗೆ ಗೌರವದಿಂದ ಕೂಡಿದ ಆಪ್ತಸಲಹೆ ಬೇಕು. ಇದನ್ನು ದೆಹಲಿಯ ಕೇಂದ್ರ ಸಲಹಾ ಮಂಡಳಿ ತನ್ನ ಕಾರ್ಯಸೂಚಿಗೆ ತಾನಾಗಿ ಸೇರಿಸಿಕೊಳ್ಳಲಿ ಎಂದು ಕಾಯುವಂತಿಲ್ಲ. ಇದು ಶಿವಮೊಗ್ಗದವರೇ ಎತ್ತಬೇಕಾದ ವಿಷಯ.

ಇನ್ನು ಕಟ್ಟಡಗಳ ಮಾತು. ಇಳಿಜಾರು ದಾರಿ, ಅಂದರೆ ರ‍್ಯಾಂಪ್, ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದವಿರಬೇಕು. ಎರಡೂ ಬದಿಗೆ ಹಿಡಿಕೆ ಬೇಕು. ಈಗಿರುವ ಸಾರ್ವಜನಿಕ ಕಟ್ಟಡಗಳನ್ನೆಲ್ಲ ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಸುಗಮಗೊಳಿಸಬೇಕೆಂದು ಕಾಯ್ದೆ ಹೇಳಿತ್ತು. ನಿಯಮಗಳು 2017ರ ಜೂನ್‌ನಲ್ಲಿ ಬಂದವು, ಗಡುವು 2022ಕ್ಕೇ ಮುಗಿಯಿತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ, ಸುಗಮತೆಯ ಮಾನದಂಡಗಳು ಬರೀ ಮಾರ್ಗಸೂಚಿಗಳಂತೆ ಉಳಿದರೆ ಸಾಲದು, ಕಡ್ಡಾಯ ನಿಯಮಗಳಾಗಬೇಕು ಎಂದು ಹೇಳಿತು. ನಾನು ನೋಡಿದ ಒಂದು ಸರ್ಕಾರಿ ಕಚೇರಿಯಲ್ಲಿ ರ‍್ಯಾಂಪ್ ಇದೆ. ಅದು ಎಷ್ಟು ಕಡಿದಾಗಿದೆಯೆಂದರೆ ಚಿಕ್ಕಪ್ಪನ ಗಾಲಿಕುರ್ಚಿಯನ್ನು ಹಿಂದುಮುಂದಾಗಿ ಎಳೆದುಕೊಂಡು ಹೋಗಬೇಕಾಯಿತು. ಮೇಲೆ ಸೂರಿಲ್ಲದ್ದರಿಂದ ಮೊದಲ ಮಳೆಗೇ ನಯವಾದ ಗಾರೆಯ ಮೇಲೆ ಪಾಚಿ ಹಬ್ಬುತ್ತದೆ, ಕೊನೆಯಲ್ಲಿ ಬಾಗಿಲ ಬಳಿ ಒಂದು ಹೊಸ್ತಿಲು ಬೇರೆ. ಕಡತದಲ್ಲಿ ಆ ಕಟ್ಟಡದ ಎದುರು ‘ಇದೆ’ ಎಂದು ಗುರುತು ಹಾಕಿರುತ್ತಾರೆ. ಮಲೆನಾಡಿನಲ್ಲಿ ರ‍್ಯಾಂಪಿಗೆ ಮಾಡು ಬೇಕು, ಒರಟು ಮೇಲ್ಮೈ ಬೇಕು ಎಂಬುದನ್ನು ನೀಲನಕ್ಷೆಯ ಹಂತದಲ್ಲಿಯೇ ಹೇಳಬಲ್ಲವರು ಗಾಲಿಕುರ್ಚಿಯಲ್ಲಿ ಬಂದ ಸದಸ್ಯರು. ಕಟ್ಟಡ ಪೂರ್ಣವಾದ ಮೇಲೆ ಅಲ್ಲ, ಬಿಲ್ ಪಾವತಿಗೆ ಮೊದಲು ಅವರು ಒಮ್ಮೆ ಹತ್ತಿ ಇಳಿದು ಸಹಿ ಹಾಕುವ ವ್ಯವಸ್ಥೆಯಾಗಲಿ ಎಂದು ಸಮಿತಿ ಸಲಹೆ ಕೊಟ್ಟರೆ ಅರ್ಧ ತೊಂದರೆ ತೀರುತ್ತದೆ.

ಹೆಚ್ಚು ಜನರಿಗೆ ತಿಳಿಯದೆ ಉಳಿದಿರುವ ಇನ್ನೊಂದು ಸಮಿತಿ ಇದೆ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯ ಅಡಿಯಲ್ಲಿ ರಚನೆಯಾಗುವ ಸ್ಥಳೀಯ ಮಟ್ಟದ ಸಮಿತಿ ಅದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುವುದು ಅದರ ಮುಖ್ಯ ಕೆಲಸ. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಒಬ್ಬ ವಿಕಲಚೇತನ ವ್ಯಕ್ತಿ ಅದರಲ್ಲಿ ಇರಲೇಬೇಕು, ಮೂರು ತಿಂಗಳಿಗೊಮ್ಮೆ ಸೇರಬೇಕು. ನೇಮಕವಾದ ಪೋಷಕರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ವರ್ಷ ವರ್ಷವೂ ಲೆಕ್ಕ ಒಪ್ಪಿಸಬೇಕು. “ನಾವು ಹೋದಮೇಲೆ ಇವನ ಗತಿ ಎಂತ ಮಾರಾಯ್ರೆ” ಎಂದು ಕಣ್ಣು ಒರೆಸಿಕೊಳ್ಳುವ ತಂದೆತಾಯಿಗಳನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ತುಂಡು ತೋಟದ ಪಾಲು ಕೈತಪ್ಪೀತೆಂಬ ಭಯ ಅವರಿಗೆ, ಅಣ್ಣತಮ್ಮಂದಿರ ನಡುವೆ ಹಿಸ್ಸೆಯಾಗುವಾಗ ಮಾತು ಬಾರದ ಮಗನ ಹೆಸರನ್ನೇ ಬಿಟ್ಟುಬಿಟ್ಟಾರೆಂಬ ಭಯ. ಮಗನಿಗೆ ಹದಿನೆಂಟು ತುಂಬಿದ ಮೇಲೆ ತಾವು ತಾನಾಗಿಯೇ ಅವನ ಪೋಷಕರಾಗಿ ಮುಂದುವರಿಯುವುದಿಲ್ಲ, ಸಮಿತಿಗೆ ಅರ್ಜಿ ಹಾಕಬೇಕು ಎಂಬುದು ಅವರಲ್ಲಿ ಬಹುತೇಕರಿಗೆ ಗೊತ್ತಿಲ್ಲ. ಅರ್ಜಿಗೆ ದುಬಾರಿ ವಕೀಲರ ಅಗತ್ಯವಿಲ್ಲ. ಈ ಒಂದು ವಿಷಯವನ್ನು ಪ್ರತಿ ವಿಶೇಷ ಗ್ರಾಮಸಭೆಯಲ್ಲಿ ಕನ್ನಡದಲ್ಲಿ, ಬಿಡಿಸಿ, ನಿಧಾನವಾಗಿ ಹೇಳುವಂತಾಗಬೇಕು.

ಸಮಿತಿಯಲ್ಲಿ ಯಾರು ಕೂರಬೇಕೆಂಬ ಪ್ರಶ್ನೆ ಉಳಿಯಿತು. ನಾಮನಿರ್ದೇಶನವು ಪಟ್ಟಣದ ಪರಿಚಿತ ಮುಖಗಳ ನಡುವೆಯೇ ಸುತ್ತುತ್ತಿದ್ದರೆ ಹೊಸನಗರದ ಸಂಕ ನಡಾವಳಿಗೆ ಬರುವುದಿಲ್ಲ. ಜಿಲ್ಲೆಯ ಏಳೂ ತಾಲ್ಲೂಕುಗಳಿಗೆ ಸರದಿ ಬರಬೇಕು. ಕಿವುಡ ಸದಸ್ಯರಿದ್ದರೆ ಸನ್ನೆಭಾಷೆಯ ದುಭಾಷಿ ಇರಬೇಕು, ಅಂಧ ಸದಸ್ಯರಿಗೆ ಸಭೆಯ ಕಾಗದಗಳು ಮೊಬೈಲಿನಲ್ಲಿ ಓದಿಸಿಕೊಳ್ಳಬಲ್ಲ ರೂಪದಲ್ಲಿ ಮುಂಚಿತವಾಗಿ ತಲುಪಬೇಕು. ನೆರೆಯ ತಮಿಳುನಾಡು 2025ರಲ್ಲಿ ಕಾನೂನು ತಿದ್ದಿ ಸ್ಥಳೀಯ ಸಂಸ್ಥೆಗಳಿಗೇ ವಿಕಲಚೇತನರನ್ನು ಸದಸ್ಯರನ್ನಾಗಿ ನಾಮನಿರ್ದೇಶನ ಮಾಡಲು ಮುಂದಾಯಿತು. ಪಂಚಾಯಿತಿಯ ಮೇಜಿನ ಸುತ್ತಲೇ ಒಂದು ಕುರ್ಚಿ ಸಿಕ್ಕರೆ ಕ್ರಿಯಾಯೋಜನೆ ಬರೆಯುವಾಗಲೇ ಮಾತು ಆಡಬಹುದು. ನಮ್ಮಲ್ಲಿಯೂ ಅದು ಆಗಲಿ ಎಂದು ಮನಸಾರೆ ಬಯಸುತ್ತೇನೆ.

ಅಲ್ಲಿಯವರೆಗೆ ಇರುವ ದಾರಿಯನ್ನು ಬಳಸೋಣ. ಪ್ರತಿ ಸರ್ಕಾರಿ ಸಂಸ್ಥೆಯೂ ಕುಂದುಕೊರತೆ ನಿವಾರಣಾ ಅಧಿಕಾರಿಯನ್ನು ನೇಮಿಸಬೇಕೆಂದು ಕಾಯ್ದೆಯ 23ನೆಯ ಪ್ರಕರಣ ಹೇಳುತ್ತದೆ. ಆ ಸಂಸ್ಥೆಯಲ್ಲಿ ಉದ್ಯೋಗದ ವಿಷಯದಲ್ಲಿ ಅನ್ಯಾಯವಾದ ವಿಕಲಚೇತನರು ಅವರಿಗೆ ದೂರು ಕೊಡಬಹುದು, ದೂರು ದಾಖಲಾದ ಎರಡು ವಾರದೊಳಗೆ ವಿಚಾರಣೆಯಾಗಬೇಕು, ತೃಪ್ತಿಯಾಗದಿದ್ದರೆ ಜಿಲ್ಲಾ ಸಮಿತಿಯ ಮುಂದೆ ಹೋಗಬಹುದು. ಅದರಾಚೆ, ಎಲ್ಲ ವಿಷಯಗಳಿಗೂ, ವಿಕಲಚೇತನರ ರಾಜ್ಯ ಆಯುಕ್ತರಿದ್ದಾರೆ. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರ ಶಿಫಾರಸಿನ ಮೇಲೆ ಕೈಗೊಂಡ ಕ್ರಮವನ್ನು ಸಂಬಂಧಪಟ್ಟ ಪ್ರಾಧಿಕಾರ ಮೂರು ತಿಂಗಳೊಳಗೆ ತಿಳಿಸಬೇಕು, ಒಪ್ಪದಿದ್ದರೆ ಕಾರಣವನ್ನೂ ಬರೆದು ಕೊಡಬೇಕು. ಊರಿನಲ್ಲಿ ಅರ್ಜಿ ಬರೆದುಕೊಡಲು ನನ್ನ ಬಳಿ ಬರುವವರಿಗೆ ನಾನು ಹೇಳುವುದಿಷ್ಟು: ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ, ವಿಶೇಷ ಗ್ರಾಮಸಭೆಯಲ್ಲಿ ಅದೇ ವಿಷಯವನ್ನು ಓದಿ ನಡಾವಳಿಗೆ ಸೇರಿಸಿ, ಆ ನಡಾವಳಿಯ ದೃಢೀಕೃತ ನಕಲನ್ನು ಪಂಚಾಯಿತಿಯಿಂದ ಪಡೆದು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಗೆ ನಿಮ್ಮ ಅರ್ಜಿಯ ಜೊತೆಗೇ ಕೊಡಿ.